ಹತ್ತು ಖಾಲಿ ಬಾಬಿನ್

ಬಲಗಾಲಿನ ಬೂಟು ಹೇಗೋ ಹತ್ತಿತು. ಎಡಗಾಲಿನದು ಮಾತ್ರ ಹಿಮ್ಮಡಿಯವರೆಗೆ ಬಂದು ಹಟ ಹಿಡಿದು ನಿಂತಿತು. ಮಗಳು ಲೇಸನ್ನು ಪೂರ್ತಿ ಸಡಿಲಿಸಿ, ಬೂಟಿನ ನಾಲಗೆಯನ್ನು ಹೊರಕ್ಕೆಳೆದು, ಅಪ್ಪನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮತ್ತೆ ತಳ್ಳಿ ನೋಡಿದಳು. ಪಾದ ಬಗ್ಗಲಿಲ್ಲ.

“ಬಿಡೇ ಅದನ್ನ,” ಎಂದಳು ಅತ್ತೆ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಲ್ಲಿಂದಲೇ. “ಇನ್ನು ಅವನೆಲ್ಲಿ ನಡೀಬೇಕಾಗಿದೆ? ಕಾಲುಚೀಲ ಸಾಕು.”

“ಒಂದು ನಿಮಿಷ ಅತ್ತೆ.”

“ನಿನ್ನ ಒಂದು ನಿಮಿಷಕ್ಕೆ ಅರ್ಧ ಗಂಟೆ ಆಯ್ತು. ಗಾಡಿಯವನು ಆಗಲೇ ಎರಡು ಸಲ ಒಳಗೆ ಇಣುಕಿ ಹೋದ.”

ಅತ್ತೆ ಎಂದರೆ ಅಪ್ಪನ ಅಕ್ಕ. ತಾಯಿಯಿಲ್ಲದ ಈ ಮನೆಗೆ ವಾರಕ್ಕೊಮ್ಮೆ ಬಂದು, ಪಾತ್ರೆಗಳನ್ನೂ ತಮ್ಮನನ್ನೂ ಒಟ್ಟಿಗೇ ತಿಕ್ಕಿ ತೊಳೆದು ಹೋಗುತ್ತಿದ್ದವಳು. ಬೆಳಗಿನಿಂದ ಅವಳು ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಒಂದು ಮಾತು ಹೇಳದೆ ಹೋದನಲ್ಲ ಎಂದು ಬೈದಳು, ಅಡುಗೆಮನೆಯ ನಲ್ಲಿ ಸೋರುವುದು ಹಾಗೇ ಇದೆಯಲ್ಲ ಎಂದು ಬೈದಳು. ಮಲಗಿದ್ದವನು ಯಾವತ್ತಿನಂತೆ ಸುಮ್ಮನೆ ಕೇಳಿಸಿಕೊಂಡ.

ಮಗಳಿಗೆ ಮೂವತ್ತಮೂರು. ಹದಿಮೂರನೇ ವಯಸ್ಸಿನಿಂದ ಅವಳ ಬದುಕು ನಿಂತಿರುವುದೇ ಪಾದಗಳ ಮೇಲೆ. ಎಷ್ಟೋ ಹುಡುಗಿಯರ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಸುತ್ತಿದ್ದಾಳೆ, ಗುಳ್ಳೆ ಒಡೆದಿದ್ದಾಳೆ. ಅಪ್ಪನ ಪಾದವನ್ನು ಹೀಗೆ ಹಿಡಿದದ್ದು ಇವತ್ತೇ ಮೊದಲು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ತನ್ನದೂ ಹಾಗೇ. ಇದನ್ನು ಯಾರೂ ತನಗೆ ಹೇಳಿರಲಿಲ್ಲವಲ್ಲ ಎಂದು ಅವಳಿಗೆ ವಿನಾಕಾರಣ ಸಿಟ್ಟು ಬಂತು. ಬೂಟಿನ ಒಳಗಿನ ಹಾಸನ್ನು ಎಳೆದು ತೆಗೆದಳು. ಆಗ ಜಾಗವಾಯಿತು, ಪಾದ ಒಳಗೆ ಇಳಿಯಿತು. ಲೇಸನ್ನು ಎರಡು ಗಂಟು ಹಾಕಿ ಬಿಗಿದಳು, ದಾರಿಯಲ್ಲಿ ಬಿಚ್ಚಿಕೊಳ್ಳಬಾರದು ಎಂಬಂತೆ.

“ಕೋಟೆಲ್ಲಿ?” ಎಂದಳು ಅತ್ತೆ.

ಅಪ್ಪನಿಗಿದ್ದದ್ದು ಒಂದೇ ಕೋಟು. ಕಂದುಬಣ್ಣದ್ದು, ಮೊಣಕೈಗೆ ತಾನೇ ತೇಪೆ ಹಾಕಿಕೊಂಡದ್ದು. ಸೆಕೆಯಿರಲಿ ಚಳಿಯಿರಲಿ, ಅದಿಲ್ಲದೆ ಅವನು ಹೊಸಲು ದಾಟಿದವನಲ್ಲ. ಮಗಳು ಬೀರು ತೆರೆದು ನೋಡಿದಳು, ಬಾಗಿಲ ಹಿಂದಿನ ಮೊಳೆ ನೋಡಿದಳು. ಮುಂದಿನ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಏಳು ಹೊಲಿಗೆ ಮೆಷಿನ್‌ಗಳ ನಡುವೆಯೂ ಹುಡುಕಿದಳು. ಅಪ್ಪ ಹೊಲಿಗೆ ಮೆಷಿನ್ ರಿಪೇರಿಯವನು. ರೋಗಿಯ ಎದೆಗೆ ಕಿವಿಯಿಡುವಂತೆ ಮೆಷಿನ್ನಿಗೆ ಕಿವಿ ಹಚ್ಚಿ, ಚಕ್ರ ತಿರುಗಿಸಿ, ಎಲ್ಲಿ ಏನು ಸವೆದಿದೆ ಎಂದು ಹೇಳುತ್ತಿದ್ದನಾದ್ದರಿಂದ ಬೀದಿಯವರಿಗೆಲ್ಲ ಅವನು ‘ಮೆಷಿನ್ ಡಾಕ್ಟ್ರು’. ಕೋಣೆಯ ತುಂಬ ಎಣ್ಣೆಯ ವಾಸನೆ. ಗಾಜಿನ ಭರಣಿಗಳಲ್ಲಿ ಅಳತೆ ಪ್ರಕಾರ ವಿಂಗಡಿಸಿಟ್ಟ ಸ್ಕ್ರೂಗಳು. ಕೋಟಿಲ್ಲ.

“ಟೈಲರ್ ಅಕ್ಕನ ಅಂಗಡೀಲೇ ಉಳಿದಿರಬೇಕು,” ಎಂದಳು ಮಗಳು. ಮಂಗಳವಾರ ಮಧ್ಯಾಹ್ನ ಅಪ್ಪ ಬಿದ್ದದ್ದು ಅಲ್ಲೇ. ಮೆಷಿನ್ನಿನ ತಳ ಬಿಚ್ಚಿ, ಎಣ್ಣೆ ಕೇಳಲು ಬಾಯಿ ತೆರೆದವನು ಹಾಗೆಯೇ ಪಕ್ಕಕ್ಕೆ ವಾಲಿದನಂತೆ.

“ಕೋಟಿಲ್ದೆ ಅವನನ್ನ ಕಳಿಸಲ್ಲ ನಾನು. ಗಾಡಿಯವನು ಬೇಕಾದ್ರೆ ಸಂಜೆವರೆಗೂ ಕಾಯ್ಲಿ,” ಎಂದು ಅತ್ತೆ ಮುಖ ತಿರುಗಿಸಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

ಮಗಳು ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ದೂರದ ಊರಿನ ಕ್ರೀಡಾ ಹಾಸ್ಟೆಲ್ಲಿನಿಂದ ಅವಳು ಶುಕ್ರವಾರ ಬರಬೇಕಾಗಿತ್ತು. ಭಾನುವಾರ ಇಲ್ಲೇ, ಈ ಊರಿನಲ್ಲೇ ಅವಳ ಕೊನೆಯ ಸ್ಪರ್ಧೆ. ಅದಾದ ಮೇಲೆ ಬಿಟ್ಟುಬಿಡುವುದೆಂದು ತೀರ್ಮಾನಿಸಿದ್ದಳು. ಅದಕ್ಕೆ ಮುಂಚೆ ಅಪ್ಪನಿಗೆ ಹೇಳಲು ಒಂದೇ ಒಂದು ಮಾತಿತ್ತು. ಇಪ್ಪತ್ತು ವರ್ಷದ ಹಿಂದೆ ಸಿಟ್ಟಿನಲ್ಲಿ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮಾತು. ತಿಂಗಳಿಂದ ಅದನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಓಡಾಡಿದ್ದಳು. ಗುರುವಾರವೇ ಊರಿಗೆ ಬಂದದ್ದಾಯಿತು, ಮಾತು ಮಾತ್ರ ನಾಲಗೆಯ ತುದಿಯಲ್ಲೇ ಉಳಿಯಿತು.

* * *

ಅವಳ ಆಟವೇ ಜನ ನಗುವಂಥದ್ದು. ಓಡುವುದಲ್ಲ, ವೇಗವಾಗಿ ನಡೆಯುವುದು. ಎಷ್ಟೇ ಜೋರಾಗಿ ಹೋದರೂ ಒಂದಲ್ಲ ಒಂದು ಪಾದ ನೆಲದ ಮೇಲಿರಬೇಕು, ಮುಂದಿಟ್ಟ ಕಾಲಿನ ಮಂಡಿ ಬಗ್ಗಬಾರದು. ಹಾಗೆ ನಡೆಯುವಾಗ ಸೊಂಟ ಅತ್ತಿಂದಿತ್ತ ಕುಣಿಯುತ್ತದೆ. ಬೀದಿಯವರು ಮೊದಲ ವಾರವೇ ಅವಳಿಗೆ ‘ಬಾತು’ ಎಂದು ಹೆಸರಿಟ್ಟರು.

ಅಪ್ಪ ನಗಲಿಲ್ಲ. ಶಾಲೆಯ ಕೋಚ್ ಬಂದು, “ಈ ಹುಡುಗಿ ಕಾಲಲ್ಲಿ ಏನೋ ಇದೆ, ನನಗೆ ಬಿಡಿ,” ಎಂದಾಗ, ಕೈಯ ಎಣ್ಣೆ ಒರೆಸಿಕೊಳ್ಳುತ್ತ, “ಅವಳಿಗೆ ಇಷ್ಟ ಇದ್ರೆ ಆಯ್ತು,” ಎಂದ. ಅಂದಿನಿಂದ ಸಂಜೆ ನಾಲ್ಕಕ್ಕೆ ಕೆಲಸ ನಿಲ್ಲಿಸಿ, ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗಿರಣಿ ರಸ್ತೆಗೆ ಕರೆದೊಯ್ಯುತ್ತಿದ್ದ. ಅವಳ ಬನಿಯನ್ನಿಗೆ ನಂಬರಿನ ಬಟ್ಟೆಯನ್ನು ಪಿನ್ನು ಚುಚ್ಚಲು ಬಿಡದೆ ತಾನೇ ಮೆಷಿನ್ನಿನಲ್ಲಿ ಹೊಲಿದುಕೊಡುತ್ತಿದ್ದ. ಆದರೆ ಆಟದ ನಿಯಮ ಅವನ ತಲೆಗೆ ಹತ್ತಲಿಲ್ಲ. ಮೊದಲು ಬಂದವರು ಗೆಲ್ಲುತ್ತಾರೆ, ಅಷ್ಟು ಅವನಿಗೆ ಗೊತ್ತಿತ್ತು.

ಹದಿಮೂರನೇ ವಯಸ್ಸಿನಲ್ಲಿ ಶಾಲೆಗಳ ಸ್ಪರ್ಧೆ. ಕೊನೆಯ ನೂರು ಮೀಟರ್. ಅವಳೇ ಮುಂದೆ. ಹಿಂದಿನಿಂದ ಒಬ್ಬ ಉದ್ದಕಾಲಿನ ಹುಡುಗಿ ಹತ್ತಿರ ಹತ್ತಿರ ಬರುತ್ತಿದ್ದಳು. ರಸ್ತೆಯ ಅಂಚಿನಲ್ಲಿ ಸೈಕಲ್ ಹಿಡಿದು ನಿಂತಿದ್ದ ಅಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಜನ್ಮದಲ್ಲಿ ದನಿಯೆತ್ತದವನು ಸೈಕಲ್ಲನ್ನು ನೆಲಕ್ಕೆ ಬಿಟ್ಟು ಕೂಗಿದ.

“ಓಡು ಕಂದಾ! ಓಡು, ಓಡು!”

ಅವಳು ಓಡಿದಳು. ತಲೆಗೆ ನಿಯಮ ಗೊತ್ತಿತ್ತು, ಕಾಲಿಗೆ ಅಪ್ಪನ ದನಿ ಗೊತ್ತಿತ್ತು. ಆರು ಹೆಜ್ಜೆ, ಅಷ್ಟೇ. ತೀರ್ಪುಗಾರ ಎದುರಿಗೆ ಬಂದು ಕೆಂಪು ಹಲಗೆ ಎತ್ತಿ ಹಿಡಿದ, ಅವಳು ಸ್ಪರ್ಧೆಯಿಂದ ಹೊರಗೆ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಡಿಗೆ ಸ್ಪರ್ಧೆಯಲ್ಲಿ ಓಡು ಎಂದು ಕೂಗಿದ ಅಪ್ಪ, ಓಡಿಯೇಬಿಟ್ಟ ಮಗಳು! ಊರಿನಲ್ಲಿ ಅದು ವರ್ಷಗಟ್ಟಲೆ ಹಳಸದೆ ಓಡಾಡಿದ ನಗೆಮಾತಾಯಿತು.

ಮನೆಗೆ ಬರುವಾಗ ಸೈಕಲ್ಲಿನ ಹಿಂದೆ ಕೂತು, ಅಪ್ಪನ ಬೆನ್ನನ್ನು ದಿಟ್ಟಿಸುತ್ತ ಅವಳು ಹೇಳಿದಳು: “ಇನ್ಮೇಲೆ ನೀನು ನೋಡೋಕೆ ಬರ್ಬೇಡ. ಯಾವತ್ತೂ ಬರ್ಬೇಡ. ನೀನು ನೋಡ್ತಿದ್ರೆ ನಂಗಾಗಲ್ಲ.”

ಅಪ್ಪನ ಕಾಲು ಪೆಡಲಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ತಿರುಗತೊಡಗಿತು.

“ಆಯ್ತು,” ಎಂದ.

ಬೈದಿದ್ದರೆ ಅವಳು ಮಾರನೆಯ ದಿನವೇ ಮರೆಯುತ್ತಿದ್ದಳೇನೋ. ಅವನು ಆಯ್ತು ಎಂದ. ಆಮೇಲೆ ಬರಲಿಲ್ಲ. ಸಂಜೆ ಅವಳನ್ನು ಗಿರಣಿ ರಸ್ತೆಯ ತುದಿಯಲ್ಲಿ ಇಳಿಸಿ, “ಒಂದು ಮೆಷಿನ್ ನೋಡೋದಿದೆ,” ಎಂದು ಹೊರಟುಹೋಗುತ್ತಿದ್ದ. ಸರಿಯಾಗಿ ಒಂದೂವರೆ ಗಂಟೆಯ ನಂತರ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದ. ಮೊದಮೊದಲು ಅವಳಿಗೆ ಹಾಯೆನಿಸಿತು. ಒಂದು ವರ್ಷವಾದ ಮೇಲೆ, ಇವತ್ತಾದರೂ ಬರಬಹುದು ಎಂದು ಕಾದಳು. ಎರಡು ವರ್ಷವಾದ ಮೇಲೆ, ಇವನಿಗೆ ಬರದಿರಲು ಒಂದು ನೆಪ ಸಿಕ್ಕಿತು, ಅಷ್ಟೇ, ಎಂದುಕೊಂಡಳು. ಬಾ ಎಂದು ಕರೆಯಲು ಅವಳಿಗೆ ಬಿಗುಮಾನ.

* * *

ಹನ್ನೊಂದರ ಹೊತ್ತಿಗೆ ಟೈಲರ್ ಅಕ್ಕ ತಾನಾಗಿಯೇ ಕೋಟು ಹಿಡಿದುಕೊಂಡು ಬಂದಳು. ಐವತ್ತು ದಾಟಿದ ಹೆಂಗಸು. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದಳು.

“ಗೋಡೆಗೆ ನೇತುಹಾಕಿದ್ರು. ಇಸ್ತ್ರಿ ಮಾಡಿ ತಂದೆ,” ಎಂದು ಕೋಟನ್ನು ಮಗಳ ಕೈಗೆ ಕೊಟ್ಟಳು. ಇನ್ನೇನೋ ಹೇಳಲು ಬಾಯಿ ತೆರೆದವಳು ಅತ್ತೆಯನ್ನು ನೋಡಿ ಸುಮ್ಮನಾದಳು.

ತೊಡಿಸುವ ಮುಂಚೆ ಮಗಳು ಜೇಬು ತಡಕಿದಳು. ಬಲಜೇಬು ಖಾಲಿ. ಎಡಜೇಬಿನಲ್ಲಿ ಏನೋ ಗಲಗಲ ಎಂದಿತು. ತೆಗೆದು ನೋಡಿದರೆ ಬಾಬಿನ್‌ಗಳು, ಮೆಷಿನ್ನಿನ ಕೆಳದಾರ ಸುತ್ತುವ ಪುಟ್ಟ ಉಕ್ಕಿನ ಗಾಲಿಗಳು. ಒಂದರಲ್ಲೂ ಒಂದೆಳೆ ದಾರವಿಲ್ಲ. ಕೈಯಾಡಿ ಆಡಿ ಅಂಚೆಲ್ಲ ನುಣುಪಾಗಿತ್ತು. ಎಣಿಸಿದಳು, ಹತ್ತಿದ್ದವು.

“ಇದೇನಿದು, ಖಾಲಿ ಬಾಬಿನ್ ಜೇಬಲ್ಲಿ?”

“ಮೆಷಿನ್ ಡಾಕ್ಟ್ರ ಜೇಬಲ್ಲಿ ಇನ್ನೇನು ಗುಳಿಗೆ ಇರುತ್ತಾ?” ಎಂದಳು ಅತ್ತೆ. “ತೆಗಿ ಅದನ್ನ. ಮಣ್ಣಲ್ಲೂ ಗಲಗಲ ಅನ್ನೋದು ಬೇಡ.”

ಮಗಳು ಅವನ್ನು ತನ್ನ ಜಾಕೆಟ್ಟಿನ ಎಡಜೇಬಿಗೆ ಹಾಕಿಕೊಂಡಳು. ಅವಳ ಬಳಿ ಇದ್ದ ಕಪ್ಪುಬಟ್ಟೆ ಎಂದರೆ ಅಭ್ಯಾಸದ ಜಾಕೆಟ್ಟು ಒಂದೇ.

ಗಾಡಿ ಸ್ಮಶಾನದ ತನಕ ಹೋಗಲಿಲ್ಲ. ಕೊನೆಯ ರಸ್ತೆಯನ್ನು ಪೈಪು ಹಾಕಲು ಅಗೆದಿದ್ದರು. ಶವಪೆಟ್ಟಿಗೆಯನ್ನು ಇಳಿಸಿ ಆರು ಜನ ಹೆಗಲು ಕೊಟ್ಟರು. ಹಿಂದೆ ಇಪ್ಪತ್ತು ಇಪ್ಪತ್ತೈದು ಮಂದಿ, ಹೆಚ್ಚಿನವರು ದರ್ಜಿಗಳು. ಮಗಳು ತಲೆ ತಗ್ಗಿಸಿ ನಡೆಯುತ್ತಿದ್ದವಳು ಒಮ್ಮೆ ತಲೆಯೆತ್ತಿದರೆ ಎದುರಿಗೆ ಯಾರೂ ಇಲ್ಲ. ಪೆಟ್ಟಿಗೆ ಹೊತ್ತವರು ಹಿಂದೆ ಬರುತ್ತಿದ್ದರು.

“ನಿಧಾನ ಕಣೇ,” ಎಂದು ಅತ್ತೆ ಹಿಂದಿನಿಂದ ಕೂಗಿದಳು. “ಅವನನ್ನ ಹಿಂದೆ ಹಾಕಿ ಎಲ್ಲಿಗೆ ಹೋಗ್ತೀಯ?”

ಅವಳು ಬದಿಗೆ ಸರಿದು ನಿಂತಳು. ನಿಧಾನ ನಡೆಯುವುದು ಅವಳಿಗೆ ಮರೆತೇಹೋಗಿತ್ತು. ಪೆಟ್ಟಿಗೆ ಮುಂದೆ ಹೋಯಿತು. ಅದರ ಹಿಂದೆ ಬಂದ ಕೋಚ್ ಅವಳ ಪಕ್ಕ ಸೇರಿಕೊಂಡರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಸೀಟಿ ಮಾತ್ರ ಅಂದಿನ ಹಾಗೆಯೇ ಕೊರಳಲ್ಲಿತ್ತು. ಇವತ್ತು ಅದನ್ನು ಅಂಗಿಯೊಳಗೆ ತೂರಿಸಿಕೊಂಡಿದ್ದರು.

“ಸಂಜೆ ಮಕ್ಕಳ ಪ್ರಾಕ್ಟೀಸು ಬಿಟ್ಟುಬಿಡ್ಲಾ ಅಂತ ಯೋಚನೆ,” ಎಂದರು. “ಗಿರಣಿ ರಸ್ತೆ ಇಲ್ಲೇ ಪಕ್ಕ. ಚೆನ್ನಾಗಿರಲ್ಲ ಅಲ್ವಾ.”

“ಬೇಡ ಸರ್, ನಡೀಲಿ. ಅಪ್ಪನಿಗೆ ಅದೆಲ್ಲ ಏನೂ ಅನ್ನಿಸ್ತಿರಲಿಲ್ಲ.”

ದನಿಯಲ್ಲಿ ಕಹಿಯಿತ್ತು. ಕೋಚ್ ಅಗೆದ ಮಣ್ಣಿನ ಗುಡ್ಡೆಯೊಂದನ್ನು ಬಳಸಿ ಬಂದರು.

“ಅವರ ಕೈ ಮಾತ್ರ ಭಾರಿ ಸೂಕ್ಷ್ಮದ್ದು,” ಎಂದರು ಆಮೇಲೆ. “ನಿನ್ನ ಎಡಗಾಲಿನ ಶೂಗೆ ಹಾಕಿದ್ರಲ್ಲ ಹಸಿರು ತುಂಡು, ಅದನ್ನ ಇವತ್ತಿಗೂ ನನ್ನ ಮಕ್ಕಳಿಗೆ ಹೇಳ್ತೀನಿ.”

ಅವಳ ಹೆಜ್ಜೆ ತಪ್ಪಿತು. ಹದಿನಾರನೇ ವಯಸ್ಸಿನಲ್ಲಿ ಎಡಗಾಲಿನ ಮುಂಗಾಲ ಮೂಳೆ ನೋಯತೊಡಗಿ, ಆಟ ಬಿಡುವ ಹಂತಕ್ಕೆ ಬಂದಿದ್ದಳು. ಒಂದು ದಿನ ಶೂ ಹಾಕಿಕೊಂಡಾಗ ಏನೋ ಬೇರೆ ಎನಿಸಿತು. ಹಾಸು ಎತ್ತಿ ನೋಡಿದರೆ ಹಿಮ್ಮಡಿಯ ಕೆಳಗೆ, ಹೊಲಿಗೆ ಮೆಷಿನ್ನಿನ ಅಡಿಗೆ ಮೆತ್ತಗಿರಲೆಂದು ಹಾಕುವಂಥ ದಪ್ಪ ಹಸಿರು ಉಣ್ಣೆಬಟ್ಟೆಯ ತುಂಡು, ಅರ್ಧಚಂದ್ರದ ಆಕಾರಕ್ಕೆ ಕತ್ತರಿಸಿ ಅಂಟಿಸಿದ್ದು. ಹದಿನೈದು ದಿನದಲ್ಲಿ ನೋವು ಮಾಯವಾಗಿತ್ತು. ಅಂದಿನಿಂದ ಪ್ರತಿ ಹೊಸ ಶೂಗೂ ಅಂಥದೊಂದು ತುಂಡನ್ನು ಅವಳೇ ಕತ್ತರಿಸಿ ಹಾಕಿಕೊಳ್ಳುತ್ತಾಳೆ.

“ಅದನ್ನ ನೀವು ಹಾಕಿದ್ದಲ್ವಾ ಸರ್? ನಾನು ನಿಮಗೆ ಥ್ಯಾಂಕ್ಸ್ ಕೂಡ ಹೇಳಿದ್ದೆ.”

“ನೀನು ದಿನಾ ಏನೇನಕ್ಕೋ ಥ್ಯಾಂಕ್ಸ್ ಹೇಳೋಳು, ನನಗೇನು ಗೊತ್ತು? ನಿಮ್ಮಪ್ಪ ಒಂದಿನ ಬಂದು ಹೇಳಿದ್ರು, ಎಡಗಾಲು ಕೂದಲೆಳೆಯಷ್ಟು ತಡವಾಗಿ ಬೀಳ್ತಿದೆ, ಭಾರವಾಗಿ ಬೀಳ್ತಿದೆ, ಹಿಮ್ಮಡಿ ಎತ್ತರ ಮಾಡಿದ್ರೆ ತೊಂದ್ರೆ ಇಲ್ವಾ ಅಂತ. ನನ್ನ ಕಣ್ಣಿಗೆ ಅದು ಕಂಡೇ ಇರಲಿಲ್ಲ. ಆಮೇಲೆ ಗಮನಿಸಿದೆ, ನಿಜ ಇತ್ತು. ನಿನಗೆ ಗೊತ್ತು ಅಂದ್ಕೊಂಡಿದ್ದೆ ನಾನು.”

“ಸರ್, ಆ ಸ್ಪರ್ಧೆ ಆದಮೇಲೆ ಅಪ್ಪ ನನ್ನ ನಡಿಗೆ ನೋಡೇ ಇಲ್ಲ. ಒಂದು ದಿನ ಕೂಡ.”

ಕೋಚ್ ಅವಳ ಮುಖ ನೋಡಿದರು.

“ನೋಡದೆ ಹೇಗಮ್ಮ ಗೊತ್ತಾಗುತ್ತೆ?”

ಅಷ್ಟರಲ್ಲಿ ಮುಂದಿನವರು ಹೆಗಲು ಬದಲಿಸಲು ನಿಂತರು. ಕೋಚ್ ಹೋಗಿ ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟರು. ಅವಳು ಹಿಂದೆ ಒಬ್ಬಳೇ ಉಳಿದಳು.

* * *

ಅವಳಿಗೆ ಇಪ್ಪತ್ನಾಲ್ಕಾಗಿದ್ದಾಗ ದೇಶದ ತಂಡಕ್ಕೆ ಆಯ್ಕೆಯ ಸ್ಪರ್ಧೆ ನಡೆದದ್ದು ಇದೇ ಗಿರಣಿ ರಸ್ತೆಯಲ್ಲಿ. ಹಳೆಯ ಗಿರಣಿಯ ಗೋಡೆಯ ಉದ್ದಕ್ಕೂ ಹೋಗಿ ತಿರುಗಿ ಬಂದರೆ ಎರಡು ಕಿಲೋಮೀಟರ್. ಅಂಥವು ಹತ್ತು ಸುತ್ತು. ರಸ್ತೆಯ ಇನ್ನೊಂದು ಬದಿಯಲ್ಲಿ ಇಡೀ ಊರೇ ನೆರೆದಿತ್ತು. ಒಂದು ಕಾಲದಲ್ಲಿ ಬಾತು ಎಂದು ನಕ್ಕವರೇ ಈಗ ‘ನಮ್ಮ ಬಾತು’ ಎಂದು ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆ ಛತ್ರಿ ಬೀಸುತ್ತ, ನಿಯಮದ ಗೊಡವೆಯಿಲ್ಲದೆ, ಯಾರನ್ನೋ ಬೈಯುತ್ತಿದ್ದಳು.

ಒಂದೊಂದು ಸುತ್ತಿಗೂ ಅವಳು ಆ ಮುಖಗಳನ್ನು ಹುಡುಕಿದಳು. ಕಂದು ಕೋಟು ಕಾಣಲಿಲ್ಲ. ಏಳನೇ ಸುತ್ತಿನಲ್ಲಿ ಹುಡುಕುವುದನ್ನು ಬಿಟ್ಟಳು. ಕಣ್ಣಿಗೆ ಇಳಿದದ್ದು ಬೆವರೋ ಏನೋ, ಕೊನೆಯ ಸುತ್ತುಗಳು ಅವಳಿಗೆ ಸರಿಯಾಗಿ ನೆನಪಿಲ್ಲ. ಮೂರನೆಯವಳಾಗಿ ಮುಗಿಸಿದಳು. ತಂಡಕ್ಕೆ ಬೇಕಿದ್ದದ್ದು ಮೂವರೇ.

ಮನೆಗೆ ಬಂದಾಗ ಅಪ್ಪ ಮುಂದಿನ ಕೋಣೆಯಲ್ಲಿ ಬೆನ್ನು ಬಾಗಿಸಿಕೊಂಡು ಒಂದು ಮೆಷಿನ್ನಿನ ಶಟಲ್ ಒರೆಸುತ್ತಿದ್ದ.

“ಹೇಗಾಯ್ತು?”

“ಮೂರನೇದು. ತಂಡಕ್ಕೆ ತಗೊಂಡ್ರು.”

“ಒಳ್ಳೇದಾಯ್ತು. ಕೈಕಾಲು ತೊಳ್ಕೊ, ಬಡಿಸ್ತೀನಿ.”

“ಎಲ್ಲಿದ್ದೆ ನೀನು?”

“ಒಂದು ಮೆಷಿನ್ ನೋಡೋದಿತ್ತು.”

ಅವನು ಬಡಿಸಿದ, ಅವಳು ಉಂಡಳು. ತಟ್ಟೆ ಎತ್ತಲು ಬಗ್ಗಿದಾಗ ಅವನ ಕತ್ತಿನ ಹಿಂಭಾಗ ಬಿಸಿಲಿಗೆ ಸುಟ್ಟು ಕೆಂಪಾಗಿದ್ದದ್ದು ಕಂಡಿತು. ಇಡೀ ಬೆಳಗು ಎಲ್ಲಿ ಅಲೆಯುತ್ತಿದ್ದನೋ, ತನ್ನ ರಸ್ತೆಗೆ ಬರಲು ಮಾತ್ರ ಬಿಡುವಾಗಲಿಲ್ಲ ಎಂದುಕೊಂಡಳು. ಆ ದಿನ ಅವಳೊಳಗೆ ಏನೋ ಕಲ್ಲಾಯಿತು. ಪ್ರತಿ ವರ್ಷ ಊರಿನ ಸ್ಪರ್ಧೆಗೆ ಬಂದು, ಎರಡು ದಿನ ಇದ್ದು, ಗೆದ್ದ ಕಪ್ಪನ್ನು ಅವನ ಸ್ಕ್ರೂ ಭರಣಿಗಳ ಪಕ್ಕ ಇಟ್ಟು, ಹೋಗುತ್ತಿದ್ದಳು. ಅವನು ಅದರ ಧೂಳು ಒರೆಸುತ್ತಿದ್ದ.

ಕಳೆದ ಸೋಮವಾರ ಫೋನು ಮಾಡಿದ್ದಳು. ಬಾ ಅಪ್ಪ, ಈ ಸಲ ಬಂದು ನೋಡು, ಇದೇ ಕೊನೇದು. ಇಷ್ಟೇ ಹೇಳಬೇಕಿತ್ತು.

“ಭಾನುವಾರ ಇದೆ ಅಪ್ಪ, ಗಿರಣಿ ರಸ್ತೇಲಿ.”

“ಹೂಂ. ಗೊತ್ತು. ಬಿಸಿಲಿರುತ್ತೆ, ನೀರು ಚೆನ್ನಾಗಿ ಕುಡಿ.”

“ನಿನಗೆ... ಭಾನುವಾರ ಏನಾದ್ರೂ ಕೆಲಸ ಇದೆಯಾ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಅವನೂ ಕಾಯುತ್ತಿದ್ದನೇನೋ.

“ಒಂದು ಮೆಷಿನ್ ನೋಡೋದಿದೆ,” ಎಂದ.

“ಸರಿ ಹಾಗಾದ್ರೆ, ಇಡ್ತೀನಿ,” ಎಂದು ಇಟ್ಟುಬಿಟ್ಟಳು. ಬಂದಮೇಲೆ ಮುಖ ನೋಡಿಯೇ ಹೇಳಿದರಾಯಿತು ಎಂದುಕೊಂಡಳು.

* * *

ಮಣ್ಣು ಮುಚ್ಚುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಜನ ಒಬ್ಬೊಬ್ಬರಾಗಿ ಅವಳ ಕೈ ಮುಟ್ಟಿ ಹೊರಟರು. ಒಳ್ಳೆ ಮನುಷ್ಯ, ಎಂದರು. ಅವರು ಮುಟ್ಟಿದ ಮೆಷಿನ್ ಮತ್ತೆ ಹತ್ತು ವರ್ಷ ತೊಂದ್ರೆ ಕೊಡ್ತಿರಲಿಲ್ಲ, ಎಂದರು. ಎಲ್ಲರ ಬಳಿಯೂ ಅವನ ಬಗ್ಗೆ ಹೇಳಲು ಒಂದು ಮೆಷಿನ್ನಿನ ಕತೆಯಿತ್ತು. ಅವಳ ಬಳಿ ಅದೂ ಇರಲಿಲ್ಲ. ಅತ್ತೆ ಕಾಲುನೋವೆಂದು ಗಾಡಿ ಹತ್ತಿ ಮನೆಗೆ ಹೋದಳು.

ಕೊನೆಗೆ ಉಳಿದವಳು ಟೈಲರ್ ಅಕ್ಕ.

“ನಿಮ್ಮಪ್ಪನ ಸಾಮಾನಿನ ಪೆಟ್ಟಿಗೆ ಅಂಗಡೀಲೇ ಇದೆ,” ಎಂದಳು. “ಇಲ್ಲೇ ಹತ್ತಿರ. ಬಂದು ತಗೊಂಡು ಹೋಗ್ತೀಯಾ? ನನಗೆ ಅದನ್ನ ಮುಟ್ಟೋಕೆ ಆಗ್ತಿಲ್ಲ.”

ಅಂಗಡಿ ಗಿರಣಿ ಗೋಡೆಯ ಹಿಂದಿನ ಓಣಿಯಲ್ಲಿತ್ತು, ಐದು ಮೆಟ್ಟಿಲು ಹತ್ತಿ ಹೋಗುವ ಒಂದೇ ಕೋಣೆ. ಈ ಓಣಿಗೆ ಅವಳು ಯಾವತ್ತೂ ಕಾಲಿಟ್ಟಿರಲಿಲ್ಲ, ಅವಳ ಲೋಕವೆಲ್ಲ ಗೋಡೆಯ ಆಚೆ ಬದಿಯದು. ಕತ್ತರಿಸಿದ ಬಟ್ಟೆಯ ಚೂರುಗಳ ನಡುವೆ ಒಂದು ಮೆಷಿನ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಪಕ್ಕದಲ್ಲಿ ಒಂದು ಬಟ್ಟೆಯ ಮೇಲೆ ಸ್ಕ್ರೂಗಳು, ಬಿಚ್ಚಿದ ಕ್ರಮದಲ್ಲೇ ಸಾಲಾಗಿ.

“ಜೋಡಿಸೋರು ಯಾರೂ ಇಲ್ಲ ಇನ್ನು,” ಎಂದಳು ಟೈಲರ್ ಅಕ್ಕ. ಆಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತಳು. “ಇಲ್ಲಿ ಬಾ. ಅವರು ಹೇಳಬೇಡ ಅಂದಿದ್ರು. ಈಗ ಹೇಳಬಹುದು ಅಂದ್ಕೋತೀನಿ.”

ಕಿಟಕಿಯಿಂದ ಓಣಿ ಕಂಡಿತು. ಓಣಿಯಾಚೆ ಎದೆಮಟ್ಟದ ಗಿರಣಿ ಗೋಡೆ. ಗೋಡೆಯ ಮೇಲಿನಿಂದ ಅವಳ ರಸ್ತೆ, ಅಷ್ಟುದ್ದಕ್ಕೂ. ಗೋಡೆಯ ಈಚೆಗೆ, ಅದಕ್ಕೆ ಬೆನ್ನು ಹಚ್ಚಿಕೊಂಡ ಹಾಗೆ, ಒಂದು ಮರದ ಬೆಂಚು.

“ಅಲ್ಲಿ ಕೂರ್ತಿದ್ರು,” ಎಂದಳು ಟೈಲರ್ ಅಕ್ಕ. “ನೀನು ಚಿಕ್ಕವಳಿದ್ದಾಗ ದಿನಾ ಸಂಜೆ. ನೀನು ಊರು ಬಿಟ್ಟಮೇಲೆ ವರ್ಷಕ್ಕೊಂದು ದಿನ. ನಾನು ಇಲ್ಲಿ ಹೊಲೀತಾ ಕೂತ್ರೆ ಇಬ್ರೂ ಒಟ್ಟಿಗೇ ಕಾಣ್ತಿದ್ರಿ ನನಗೆ. ಮುಂದೆ ಅವರು, ಹಿಂದೆ ನೀನು ಹಾದುಹೋಗೋದು.”

“ನೋಡ್ತಿದ್ನಾ?”

“ಎಲ್ಲಿ ನೋಡ್ತಾರೆ? ಗೋಡೆಗೆ ಬೆನ್ನು ಹಾಕಿ ಕೂತ್ರೆ ಏನು ಕಾಣುತ್ತೆ? ಕೇಳ್ತಿದ್ರು. ಕಣ್ಣು ಮುಚ್ಕೊಂಡು, ಮೆಷಿನ್ ಕೇಳೋ ಹಾಗೇ. ಹತ್ತು ಜನ ಒಟ್ಟಿಗೆ ಹೋದ್ರೂ ಇದು ಅವಳ ಕಾಲು ಅನ್ನೋರು. ಇವತ್ತು ಚೆನ್ನಾಗಿದೆ ಅನ್ನೋರು, ಇಲ್ಲ ಎಡಗಾಲು ಯಾಕೋ ನೋಯ್ತಿದೆ ಅನ್ನೋರು. ಒಂದು ಸುತ್ತಿಗೆ ಒಂದು ಬಾಬಿನ್ನು, ಎಡಜೇಬಿಂದ ಬಲಜೇಬಿಗೆ. ಲೆಕ್ಕ ತಪ್ಪಬಾರದಲ್ಲ. ಕೊನೆ ಸುತ್ತಿಗೆ ನೀನು ಹತ್ತಿರ ಬಂದಾಗ ಮೆಲ್ಲಗೆ, ನಡಿ ಕಂದಾ, ನಡಿ, ಅಂತಿದ್ರು. ನನಗೇ ಸರಿಯಾಗಿ ಕೇಳ್ತಿರಲಿಲ್ಲ, ತುಟಿ ಕಾಣ್ತಿತ್ತು.”

ಮಗಳ ಕೈ ಜೇಬಿಗೆ ಹೋಯಿತು. ಬಾಬಿನ್‌ಗಳು ತಣ್ಣಗಿದ್ದವು.

“ಆ ದೊಡ್ಡ ರೇಸಿನ ದಿನ ಬಿಸಿಲಲ್ಲಿ ಎರಡು ಗಂಟೆ ಕೂತಿದ್ರು. ನಾನೇ ಬೈದೆ. ಎದ್ದು ನಿಂತ್ರೆ ಸಾಕಲ್ವಾ ಡಾಕ್ಟ್ರೇ, ಗೋಡೆ ಎದೆವರೆಗೆ ಅಷ್ಟೇ, ಒಂದ್ಸಲ ತಿರುಗಿ ನೋಡಿ, ಅವಳಿಗೆ ಗೊತ್ತೂ ಆಗಲ್ಲ ಅಂತ. ಅದಕ್ಕೆ ಅವರು, ನೋಡಬೇಡ ಅಂದಿದಾಳೆ ಕಣಮ್ಮ, ಬಾ ಅಂತ ಅವಳೇ ಕರೀತಾಳೆ, ಆಗ ನೋಡ್ತೀನಿ ಅಂದ್ರು.”

ಟೈಲರ್ ಅಕ್ಕ ಕೊರಳಿನ ಅಳತೆಪಟ್ಟಿಯಿಂದ ಕಣ್ಣೊರೆಸಿಕೊಂಡಳು. “ಮಂಗಳವಾರ ಬಂದಾಗಲೇ ಜೇಬು ಗಲಗಲ ಅಂತಿತ್ತು. ಭಾನುವಾರಕ್ಕೆ ಅಂತ ಆಗಲೇ ತುಂಬಿಸ್ಕೊಂಡಿದ್ರು.”

ಮಗಳು ಕಿಟಕಿಯ ಸರಳು ಹಿಡಿದು ನಿಂತಳು. ಅಳು ಬರುತ್ತದೆಂದುಕೊಂಡಳು, ಬರಲಿಲ್ಲ. ಆ ಕೆಂಪಾದ ಕತ್ತೊಂದೇ ಕಣ್ಣಮುಂದೆ ನಿಂತಿತ್ತು. ಅವನು ಮಾತು ಉಳಿಸಿಕೊಂಡಿದ್ದ. ಅವಳು ಅದನ್ನೇ ಅಪರಾಧವೆಂದು ಅವನ ತಲೆಗೆ ಕಟ್ಟಿ, ಇಪ್ಪತ್ತು ವರ್ಷ ಮುಖ ಬಿಗಿದುಕೊಂಡು ಓಡಾಡಿದ್ದಳು. ಇಬ್ಬರೂ ಒಂದು ಗೋಡೆಯ ಎರಡು ಬದಿಗೆ ಕಾಯುತ್ತಿದ್ದರು. ಬಾ ಎಂಬ ಒಂದೇ ಅಕ್ಷರಕ್ಕೆ ಅಷ್ಟು ಹತ್ತಿರ ಬಂದಿದ್ದಳು, ಸೋಮವಾರ.

“ಪೆಟ್ಟಿಗೆ ಆಮೇಲೆ ತಗೊಂ‍ಡು ಹೋಗ್ತೀನಿ ಅಕ್ಕ,” ಎಂದು ಮೆಟ್ಟಿಲಿಳಿದಳು.

* * *

ಬೆಂಚಿನ ಹಲಗೆ ನಡುವೆ ಸವೆದು ಸ್ವಲ್ಪ ತಗ್ಗಾಗಿತ್ತು. ಅವಳು ಆ ತಗ್ಗಿನಲ್ಲೇ ಕೂತು ಗೋಡೆಗೆ ಬೆನ್ನು ಕೊಟ್ಟಳು. ಮಧ್ಯಾಹ್ನದ ಬಿಸಿಲು ಕುಡಿದಿದ್ದ ಗೋಡೆ ಇನ್ನೂ ಬೆಚ್ಚಗಿತ್ತು. ಎದುರಿಗೆ ಅಂಗಡಿಯ ಕಿಟಕಿ, ಒಂದು ಚರಂಡಿ, ಒಣಗಲು ಹಾಕಿದ ಯಾರದೋ ಬಟ್ಟೆ. ನೋಡುವಂಥದ್ದು ಏನೂ ಇರಲಿಲ್ಲ. ಇದನ್ನೇ ಅವನು ಅಷ್ಟು ವರ್ಷ ನೋಡಿದ್ದ.

ಐದು ಗಂಟೆಗೆ ಗೋಡೆಯಾಚೆ ಕೋಚ್‌ರ ಸೀಟಿ ಕೇಳಿಸಿತು. ಮಕ್ಕಳ ಗದ್ದಲ, ಯಾರೋ ಯಾರನ್ನೋ ಅಣಕಿಸಿದ್ದು, ಇನ್ನೊಂದು ಸೀಟಿ. ಆಮೇಲೆ ಹೆಜ್ಜೆಗಳು. ದೂರದಿಂದ ಒಟ್ಟಾಗಿ ಬಂದವು, ಏನೂ ತಿಳಿಯದ ಒಂದೇ ಸದ್ದಾಗಿ ಅವಳ ಬೆನ್ನ ಹಿಂದೆ ಹಾದುಹೋದವು. ಅವಳಿಗೆ ಯಾವುದು ಯಾರದೆಂದು ಗೊತ್ತಾಗಲಿಲ್ಲ. ಕಣ್ಣಿದ್ದವಳು ಅವಳು, ಕಿವಿಯ ಕೆಲಸ ಕಲಿತಿರಲಿಲ್ಲ.

ಎಲ್ಲರೂ ಹೋದಮೇಲೆ, ತುಸು ತಡವಾಗಿ, ಒಂಟಿ ಹೆಜ್ಜೆಯೊಂದು ಬಂತು. ಹಗುರವಾದ ಪಾದ, ಯಾರೋ ಚಿಕ್ಕ ಹುಡುಗಿ. ಹಿಂದೆ ಬಿದ್ದಿದ್ದಳು, ಆದರೂ ಓಡುತ್ತಿರಲಿಲ್ಲ. ಟಪ್ ಟಪ್, ಟಪ್ ಟಪ್. ಅವಳು ಕಣ್ಣು ಮುಚ್ಚಿದಳು. ಬಲಗಾಲು ನೆಲವನ್ನು ಒಂಚೂರು ಉಜ್ಜುತ್ತಿತ್ತು.

ತಿರುಗಿ ನೋಡಬೇಕೆನಿಸಿತು, ಎಷ್ಟೆಂದರೆ ಕತ್ತಿನ ನರ ಸೆಳೆಯಿತು. ಎದ್ದು ನಿಂತರೆ ಸಾಕಿತ್ತು. ಗೋಡೆ ಎದೆಮಟ್ಟಕ್ಕಿಂತ ಎತ್ತರವಿರಲಿಲ್ಲ, ಬೇಡ ಎಂದವರೂ ಯಾರೂ ಇರಲಿಲ್ಲ. ಹೆಜ್ಜೆ ನೇರ ಅವಳ ಬೆನ್ನ ಹಿಂದೆ ಬಂತು. ಅವಳ ತುಟಿ ಅಲುಗಿತು. ಹೆಜ್ಜೆ ದಾಟಿ ಮುಂದೆ ಹೋಯಿತು.

ಅವಳು ಎಡಜೇಬಿನಿಂದ ಒಂದು ಬಾಬಿನ್ ತೆಗೆದು ಬಲಜೇಬಿಗೆ ಹಾಕಿದಳು. ಎಡಜೇಬಿನಲ್ಲಿ ಇನ್ನೂ ಒಂಬತ್ತಿದ್ದವು.